ಶಿಬಿರದ ಸಾಮಾನು ಮತ್ತು ‘ಕಾಂಬೋ’ ಬೆಲೆಯ ಲೆಕ್ಕ

ಸ್ಕೌಟ್ಸ್-ಗೈಡ್ಸ್ ಶಿಬಿರದ ಸುತ್ತೋಲೆ ಶಾಲೆಯಿಂದ ಮನೆಗೆ ಬಂದಾಗ ಮಕ್ಕಳು ಮೊದಲು ಹುಡುಕುವುದು ಶಿಬಿರ ನಡೆಯುವ ಸ್ಥಳದ ಹೆಸರನ್ನು. ಹೆತ್ತವರ ಕಣ್ಣು ಹೋಗುವುದು ಕೊನೆಯಲ್ಲಿರುವ ಸಾಮಾನಿನ ಪಟ್ಟಿಯ ಕಡೆಗೆ. ಮಲಗುವ ಚೀಲ, ಚಾಪೆ, ಟಾರ್ಚ್, ನೀರಿನ ಬಾಟಲಿ, ಬೆನ್ನಚೀಲ, ಸಾಧ್ಯವಿದ್ದಲ್ಲಿ ಡೇರೆ ಎಂದು ಪಟ್ಟಿ ಬೆಳೆಯುತ್ತದೆ. ಶಿಬಿರದ ಶುಲ್ಕ ಕಡಿಮೆಯೇ ಇರಬಹುದು; ಆದರೆ ಈ ಪಟ್ಟಿಯ ಮೊತ್ತ ಶುಲ್ಕದ ಹಲವು ಪಟ್ಟು ಆಗುವುದುಂಟು. ‘ಮುಂದಿನ ವರ್ಷ ನೋಡೋಣ’ ಎಂಬ ಮಾತು ಅನೇಕ ಮನೆಗಳಲ್ಲಿ ಹುಟ್ಟುವುದು ಇಲ್ಲಿಯೇ.

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ಮಾತಿಗೆ ಇನ್ನೊಂದು ಭಾರವಿದೆ. ತರಗತಿಯಲ್ಲಿ ಐವತ್ತು ಮಕ್ಕಳಿರುವ ಶಾಲೆಯಿಂದ ಮೂವರು ಹಿಂದುಳಿದರೆ ದಳ ಹೊರಡುತ್ತದೆ. ಹನ್ನೆರಡೇ ಮಕ್ಕಳಿರುವ ತರಗತಿಯಲ್ಲಿ ಮೂವರು ಹಿಂದುಳಿದರೆ ದಳವೇ ಮುರಿಯುತ್ತದೆ. ಹೀಗಾಗಿ ಶಿಬಿರದ ಸಾಮಾನನ್ನು ಅಗ್ಗವಾಗಿ, ಆದರೆ ಕೆಡದ ಹಾಗೆ ಹೊಂದಿಸಿಕೊಳ್ಳುವುದು ಒಂದು ಮನೆಯ ಉಳಿತಾಯದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಶಾಲೆಯ ಎಲ್ಲ ಮಕ್ಕಳೂ ಒಟ್ಟಿಗೆ ಹೊರಡಬಲ್ಲರೇ ಎಂಬ ಪ್ರಶ್ನೆಯಾಗುತ್ತದೆ.

ಇಂಥ ಸಾಮಾನಿಗಾಗಿ ಪೋಷಕರು ಈಚೆಗೆ ವಸ್ತುಪ್ರದರ್ಶನಗಳತ್ತ ನೋಡುತ್ತಿದ್ದಾರೆ. ಕಾಸರಗೋಡಿನವರಿಗೆ ಮಂಗಳೂರಿನ ಕರಾವಳಿ ಉತ್ಸವ, ವಯನಾಡು-ನೀಲಗಿರಿ-ತಾಳವಾಡಿಯವರಿಗೆ ಮೈಸೂರಿನ ದಸರಾ ವಸ್ತುಪ್ರದರ್ಶನ, ಸೊಲ್ಲಾಪುರ-ಅಕ್ಕಲಕೋಟೆಯವರಿಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಪಶ್ಚಿಮ ತೆಲಂಗಾಣದವರಿಗೆ 1938ರಿಂದ ಬೆಳೆದುಬಂದ ಹೈದರಾಬಾದಿನ ನುಮಾಯಿಷ್ ಕೈಗೆಟಕುವಷ್ಟು ಹತ್ತಿರದಲ್ಲಿವೆ. ದೊಡ್ಡ ನಗರಗಳಲ್ಲಿ ಪ್ರವಾಸ, ಚಾರಣ ಮತ್ತು ಹೊರಾಂಗಣ ಸಾಮಗ್ರಿಗೆಂದೇ ಪ್ರತ್ಯೇಕ ಪ್ರದರ್ಶನಗಳೂ ನಡೆಯುತ್ತವೆ. ಇಂಥ ಕಡೆ ಪ್ರವಾಸ ಸಾಮಾನಿನ ಮಳಿಗೆಯಿದ್ದರೆ ಅದರ ಮುಂದೆ ಒಂದು ಫಲಕವಿದ್ದೇ ಇರುತ್ತದೆ: ಡೇರೆ, ಮಲಗುವ ಚೀಲ, ಚಾಪೆ, ಟಾರ್ಚ್ ಎಲ್ಲವೂ ಸೇರಿ ಒಂದೇ ಬೆಲೆ, ಬಿಡಿಯಾಗಿ ಕೊಂಡರೆ ಇಷ್ಟು, ಕಾಂಬೋ ಕೊಂಡರೆ ಅಷ್ಟು. ಈ ‘ಅಷ್ಟು’ ಯಾವಾಗ ನಿಜವಾದ ಉಳಿತಾಯ, ಯಾವಾಗ ಅಲ್ಲ ಎಂಬುದನ್ನು ತಿಳಿದು ಹೋಗುವುದು ಲೇಸು.

ಕಟ್ಟಿನ ಹಿಂದಿನ ಗಣಿತ

ಹಲವು ವಸ್ತುಗಳನ್ನು ಒಂದು ಕಟ್ಟಾಗಿ ಮಾರುವ ಪದ್ಧತಿಯನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಬಿಡಿಸಿ ನೋಡಿದ್ದಾರೆ. ಅದಕ್ಕೆ ಕಾರಣವಾದುದು ಚಲನಚಿತ್ರ. ಅಮೆರಿಕದಲ್ಲಿ ಹಳೆಯ ಚಿತ್ರಗಳನ್ನು ದೂರದರ್ಶನ ಕೇಂದ್ರಗಳಿಗೆ ಮಾರುತ್ತಿದ್ದ ಹಂಚಿಕೆದಾರರು ಒಳ್ಳೆಯ ಚಿತ್ರದ ಜೊತೆಗೆ ಯಾರಿಗೂ ಬೇಡವಾದವುಗಳನ್ನೂ ಸೇರಿಸಿ ಕಟ್ಟಾಗಿಯೇ ಕೊಡುತ್ತಿದ್ದರು. ‘ಕಾಸಾಬ್ಲಾಂಕಾ’ದಂಥ ಪ್ರಸಿದ್ಧ ಚಿತ್ರ ಬೇಕೆಂದ ವಾಷಿಂಗ್ಟನ್ನಿನ ಕೇಂದ್ರವೊಂದು ‘ಗೊರಿಲ್ಲಾ ಮ್ಯಾನ್’, ‘ಟಿಯರ್ ಗ್ಯಾಸ್ ಸ್ಕ್ವಾಡ್’ ಮುಂತಾದವನ್ನೂ ತೆಗೆದುಕೊಳ್ಳಬೇಕಾಯಿತು. 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಬಲವಂತದ ಕಟ್ಟನ್ನು ಕಾನೂನುಬಾಹಿರವೆಂದಿತು. ಮರುವರ್ಷ ಆ ಮೊಕದ್ದಮೆಯ ಕುರಿತು ಚಿಕ್ಕದೊಂದು ಟಿಪ್ಪಣಿ ಬರೆದವರು, ಮುಂದೆ 1982ರಲ್ಲಿ ನೊಬೆಲ್ ಪಡೆದ ಜಾರ್ಜ್ ಸ್ಟಿಗ್ಲರ್. ಕಟ್ಟು ಕಟ್ಟಿದರೆ ಮಾರುವವನಿಗೆ ಏಕೆ ಲಾಭ ಎಂಬುದನ್ನು ಅವರು ಸರಳ ಅಂಕಿಗಳಲ್ಲಿ ತೋರಿಸಿದರು.

ಅದೇ ತರ್ಕವನ್ನು ಡೇರೆಗೆ ಹೊಂದಿಸಿ ನೋಡಬಹುದು. ಇಬ್ಬರು ಗಿರಾಕಿಗಳಿದ್ದಾರೆ ಎನ್ನೋಣ. ಮೊದಲನೆಯವರು ಡೇರೆಗೆ 3,000 ರೂಪಾಯಿಯವರೆಗೆ, ಮಲಗುವ ಚೀಲಕ್ಕೆ 1,000 ರೂಪಾಯಿಯವರೆಗೆ ಕೊಡಬಲ್ಲರು. ಎರಡನೆಯವರು ಡೇರೆಗೆ 2,200, ಚೀಲಕ್ಕೆ 1,500 ಕೊಡಬಲ್ಲರು. ಬಿಡಿಯಾಗಿ ಮಾರುವುದಾದರೆ ಇಬ್ಬರೂ ಕೊಳ್ಳುವಂತೆ ಡೇರೆಗೆ 2,200, ಚೀಲಕ್ಕೆ 1,000 ಎಂದು ಬೆಲೆ ಇಡಬೇಕು. ಆಗ ಒಬ್ಬೊಬ್ಬರಿಂದ 3,200ರಂತೆ ಒಟ್ಟು 6,400 ರೂಪಾಯಿ ಬರುತ್ತದೆ. ಎರಡನ್ನೂ ಕಟ್ಟಿ 3,700ಕ್ಕೆ ಇಟ್ಟರೆ? ಮೊದಲನೆಯವರ ಮಿತಿ 4,000, ಎರಡನೆಯವರ ಮಿತಿ 3,700. ಇಬ್ಬರೂ ಕೊಳ್ಳುತ್ತಾರೆ, ಮಳಿಗೆಗೆ 7,400 ಸಿಗುತ್ತದೆ. ಇಬ್ಬರಿಗೂ ತಾವು ಉಳಿಸಿದೆವೆಂಬ ತೃಪ್ತಿ. ಇಬ್ಬರೂ ಕೊಟ್ಟಿದ್ದು ಮಾತ್ರ ಐನೂರು ರೂಪಾಯಿ ಹೆಚ್ಚು.

ಕಟ್ಟು ಎಂದರೆ ಮೋಸ ಎಂದು ಇದರ ಅರ್ಥವಲ್ಲ. ಕಟ್ಟಿನ ಬೆಲೆಯಲ್ಲಿ ರಿಯಾಯಿತಿ ಇದೆಯೇ ಇಲ್ಲವೇ ಎಂಬುದನ್ನು ಫಲಕ ಹೇಳಲಾರದು ಎಂದಷ್ಟೇ ಅರ್ಥ. ಫಲಕದಲ್ಲಿ ಹೊಡೆದುಹಾಕಿ ತೋರಿಸುವ ದೊಡ್ಡ ಮೊತ್ತ ಸಾಮಾನ್ಯವಾಗಿ ಎಲ್ಲ ವಸ್ತುಗಳ ಎಂಆರ್‌ಪಿಯ ಕೂಡಿಕೆ. ಎಂಆರ್‌ಪಿ ಎಂಬುದು ಮೀರಬಾರದ ಗರಿಷ್ಠ ಬೆಲೆಯೇ ಹೊರತು ಪೇಟೆಯ ಚಾಲ್ತಿ ಬೆಲೆಯಲ್ಲ. ಬಿಡಿಯಾಗಿ ಕೊಂಡರೂ ಆ ಬೆಲೆಯನ್ನು ಯಾರೂ ತೆರದಿದ್ದಾಗ, ಅದರಿಂದ ಕಳೆದು ತೋರಿಸಿದ ‘ಉಳಿತಾಯ’ ಕಾಗದದ ಮೇಲಿನ ಉಳಿತಾಯ.

ಉಳಿತಾಯ ನಿಜವಾಗುವ ಸಂದರ್ಭಗಳು

ಪ್ರದರ್ಶನದ ಮಳಿಗೆಗೆ ಬೆಲೆ ಇಳಿಸಲು ನಿಜವಾದ ಕಾರಣಗಳೂ ಇರುತ್ತವೆ. ಮಳಿಗೆಯ ಬಾಡಿಗೆ ದಿನಗಳ ಲೆಕ್ಕದಲ್ಲಿರುತ್ತದೆ. ಒಬ್ಬ ಗಿರಾಕಿಗೆ ಒಂದರ ಬದಲು ನಾಲ್ಕು ವಸ್ತು ಮಾರಿದರೆ ಮಾತು, ಸಮಯ, ಬಿಲ್ಲಿನ ಶ್ರಮ ಒಂದೇ. ಕಳೆದ ವರ್ಷದ ಬಣ್ಣದ, ಹಳೆಯ ಮಾದರಿಯ ಡೇರೆಗಳನ್ನು ಗೋದಾಮಿನಿಂದ ಹೊರಹಾಕಲು ಪ್ರದರ್ಶನ ಒಳ್ಳೆಯ ಅವಕಾಶ. ಕೊನೆಯ ಎರಡು ದಿನಗಳಲ್ಲಿ ಉಳಿದ ಸರಕನ್ನು ಮತ್ತೆ ಲಾರಿಗೇರಿಸುವ ಖರ್ಚು ಎದುರಿಗಿರುವುದರಿಂದ ಮಾರುವವರ ಪಟ್ಟು ಸಡಿಲವಾಗುತ್ತದೆ. ಆದರೆ ಮಕ್ಕಳಿಗೆ ಹೊಂದುವ ಅಳತೆ, ಒಳ್ಳೆಯ ಆಯ್ಕೆ ಅಷ್ಟರಲ್ಲಿ ಖಾಲಿಯಾಗಿರಲೂಬಹುದು. ಮೊದಲ ದಿನಗಳಲ್ಲಿ ನೋಡಿ, ಬೆಲೆ ಬರೆದುಕೊಂಡು, ಕೊನೆಯಲ್ಲಿ ಕೊಳ್ಳುವುದು ಪ್ರದರ್ಶನದ ಊರಿನಲ್ಲೇ ಇರುವವರಿಗೆ ಸಾಧ್ಯ. ನೂರು ಕಿಲೋಮೀಟರು ಬಸ್ಸಿನಲ್ಲಿ ಹೋಗಿಬರುವ ಗಡಿನಾಡಿನ ಕುಟುಂಬ ಎರಡು ಸಲದ ಬಸ್ ಖರ್ಚನ್ನೂ ರಿಯಾಯಿತಿಯಿಂದ ಕಳೆದು ನೋಡಬೇಕು.

ಒಟ್ಟಿನಲ್ಲಿ ಮೂರು ಸಂದರ್ಭಗಳಲ್ಲಿ ಕಟ್ಟು ಲಾಭದಾಯಕ. ಮನೆಯಲ್ಲಿ ಯಾವ ಸಾಮಾನೂ ಇಲ್ಲದೆ, ಕಟ್ಟಿನಲ್ಲಿರುವುದೆಲ್ಲವೂ ನಿಜಕ್ಕೂ ಬೇಕಾಗಿರುವಾಗ. ಒಂದೇ ಮನೆಯ ಇಬ್ಬರು ಮೂವರು ಮಕ್ಕಳು ಸರದಿಯಂತೆ ಬಳಸುವಾಗ. ಎರಡು ಕುಟುಂಬಗಳು ಒಂದು ಕಟ್ಟನ್ನು ಕೊಂಡು ಹಂಚಿಕೊಳ್ಳುವಾಗ.

ಪಟ್ಟಿ ಮೊದಲು, ಫಲಕ ಆಮೇಲೆ

ಮನೆಯಿಂದ ಹೊರಡುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಶಾಲೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಂದರ ಮುಂದೆ ‘ಇದೆ’, ‘ಎರವಲು ಸಿಗುತ್ತದೆ’, ‘ಕೊಳ್ಳಬೇಕು’ ಎಂದು ಬರೆಯುವುದು. ಮೂರನೆಯ ಗುಂಪಿನ ವಸ್ತುಗಳಿಗೆ ಮಾತ್ರ ಊರಿನ ಅಂಗಡಿಯಲ್ಲೋ ಫೋನಿನಲ್ಲೋ ಚಾಲ್ತಿ ಬೆಲೆಯನ್ನು ವಿಚಾರಿಸಿ ಪಕ್ಕದಲ್ಲಿ ಬರೆಯುವುದು. ಪ್ರದರ್ಶನಕ್ಕೆ ಒಯ್ಯಬೇಕಾದುದು ಈ ಚೀಟಿಯನ್ನು.

ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಮಾದರಿ. ಇಲ್ಲಿನ ಬೆಲೆಗಳು ಉದಾಹರಣೆಗೆ ಮಾತ್ರ. ಡೇರೆ 2,400, ಬೆನ್ನಚೀಲ 1,900, ಮಲಗುವ ಚೀಲ 1,500, ಚಾಪೆ 500, ಹಣೆಗೆ ಕಟ್ಟುವ ಟಾರ್ಚ್ 400, ಬಾಟಲಿ 300: ಬಿಡಿ ಬೆಲೆಯ ಒಟ್ಟು 7,000 ರೂಪಾಯಿ. ಕಾಂಬೋ ಬೆಲೆ 4,999. ಫಲಕದ ಪ್ರಕಾರ ಉಳಿತಾಯ 2,001. ಈಗ ಮನೆಯ ಚೀಟಿ ನೋಡಿದರೆ ಡೇರೆಯನ್ನು ಶಿಬಿರದವರೇ ಕೊಡುತ್ತಾರೆ, ಶಾಲೆಯ ಬೆನ್ನಚೀಲ ಮೂರು ದಿನಕ್ಕೆ ಸಾಕು, ಬಾಟಲಿ ಮನೆಯಲ್ಲಿದೆ. ಕೊಳ್ಳಬೇಕಾದುದು ಮಲಗುವ ಚೀಲ, ಚಾಪೆ, ಟಾರ್ಚ್. ಬಿಡಿಯಾಗಿ 2,400 ರೂಪಾಯಿ. ಈ ಮನೆ ಕಾಂಬೋ ಕೊಂಡರೆ 2,001 ಉಳಿಸಿದಂತಲ್ಲ, 2,599 ಹೆಚ್ಚಿಗೆ ಖರ್ಚು ಮಾಡಿದಂತೆ. ಅದೇ ಕಾಂಬೋ, ಡೇರೆಯೂ ಬೆನ್ನಚೀಲವೂ ಬೇಕಾಗಿರುವ ಪಕ್ಕದ ಮನೆಗೆ ಒಳ್ಳೆಯ ವ್ಯಾಪಾರ. ಬೆಲೆ ಒಂದೇ, ಬದಲಾದುದು ಚೀಟಿ.

‘ಇದೆ’ ಎಂಬ ಗುಂಪಿಗೆ ಮನೆಯಲ್ಲಿರುವ ಎಷ್ಟೋ ವಸ್ತುಗಳು ಸೇರುತ್ತವೆ. ಕಾಸರಗೋಡಿನ ಬಯಲಿನಲ್ಲಿ ಡಿಸೆಂಬರಿನ ರಾತ್ರಿಗೂ ದಪ್ಪನೆಯ ಮಲಗುವ ಚೀಲ ಬೇಕಾಗುವುದು ಅಪರೂಪ. ಒಂದು ಜಮಖಾನ, ಒಂದು ಹೊದಿಕೆ ಸಾಕು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆ ಅಜ್ಜಿಯಂದಿರು ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಒಣಹವೆಯ ಶಿಬಿರಕ್ಕೆ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಅದರ ದೋಷಗಳು ಎರಡೇ: ತೂಕ ಹೆಚ್ಚು, ನೆನೆದರೆ ಬೇಗ ಒಣಗದು. ಬಸ್ಸಿನಲ್ಲಿ ಹೋಗಿ ಬಯಲಿನಲ್ಲಿ ಉಳಿಯುವ ಶಿಬಿರಕ್ಕೆ ಈ ದೋಷಗಳು ಬಾಧಕವಲ್ಲ; ಹೊತ್ತು ಬೆಟ್ಟ ಹತ್ತುವ ಚಾರಣಕ್ಕೆ ಬಾಧಕ.

ನೀಲಗಿರಿಯ ಮಾತು ಬೇರೆ. 2,637 ಮೀಟರು ಎತ್ತರದ ದೊಡ್ಡಬೆಟ್ಟ ಹೆಸರಿನಲ್ಲೇ ಕನ್ನಡವನ್ನು ಹೊತ್ತು ನಿಂತಿದೆ. ಆದರೆ ಆ ಸೀಮೆಯಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟುವುದುಂಟು. ಅಲ್ಲಿಗೆ ಹೋಗುವ ಮಗುವಿಗೆ ಅಗ್ಗದ ತೆಳು ಚೀಲ ಕೊಟ್ಟು ಕಳಿಸುವುದು ಉಳಿತಾಯವಲ್ಲ.

ಮಳಿಗೆಯಲ್ಲಿ ಬಿಚ್ಚಿ ನೋಡಬೇಕಾದುದು

ಕಟ್ಟಿನಲ್ಲಿ ಒಂದು ಒಳ್ಳೆಯ ವಸ್ತು ಮುಂದೆ ನಿಂತು ಉಳಿದವನ್ನು ಮರೆಮಾಡುತ್ತದೆ. ಡೇರೆ ಕಣ್ಣಿಗೆ ಚೆನ್ನಾಗಿ ಕಂಡರೆ ಚೀಲದ ಜಿಪ್ಪನ್ನು ಯಾರೂ ಎಳೆದು ನೋಡುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಹೊರತೆಗೆಸಿ ನೋಡಬೇಕು. ಪ್ರದರ್ಶನಕ್ಕೆ ಹೋಗುವುದರ ದೊಡ್ಡ ಲಾಭ ರಿಯಾಯಿತಿಗಿಂತಲೂ ಈ ಅವಕಾಶವೇ.

ಡೇರೆಯ ಮೇಲೆ ‘ಇಬ್ಬರಿಗೆ’ ಎಂದು ಬರೆದಿದ್ದರೆ ಇಬ್ಬರು ಮೈಗೆ ಮೈ ತಾಗಿಸಿ ಮಲಗಬಹುದು ಎಂದು ತಿಳಿಯಬೇಕು. ಚೀಲಗಳಿಗೆ ಜಾಗ ಉಳಿಯುವುದಿಲ್ಲ. ಬಟ್ಟೆ ನೀರನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಮಿಲಿಮೀಟರುಗಳಲ್ಲಿ ನಮೂದಿಸುತ್ತಾರೆ: ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸುತ್ತ ಹೋದರೆ ಎಷ್ಟು ಎತ್ತರದಲ್ಲಿ ಅದು ಜಿನುಗತೊಡಗುತ್ತದೆ ಎಂಬ ಅಳತೆ ಅದು. ಆದರೆ ಹೊಲಿಗೆಗಳ ಒಳಬದಿಗೆ ಪಟ್ಟಿ ಅಂಟಿಸಿರದಿದ್ದರೆ ಬಟ್ಟೆಯ ಅಂಕಿ ಎಷ್ಟಿದ್ದೂ ಸೂಜಿಯ ರಂಧ್ರಗಳಿಂದ ನೀರು ಇಳಿಯುತ್ತದೆ. ಒಂದೇ ಪದರದ ಅಗ್ಗದ ಡೇರೆಯಲ್ಲಿ ಉಸಿರಿನ ತೇವ ಒಳಗೇ ಹನಿಗಟ್ಟುತ್ತದೆ. ಮೇಲುಹೊದಿಕೆ ಪ್ರತ್ಯೇಕವಾಗಿರುವ ಎರಡು ಪದರದ್ದು ಮಲೆನಾಡಿನ ಹವೆಗೆ ಮೇಲು.

ಮಲಗುವ ಚೀಲದ ಮೇಲಿನ ಉಷ್ಣತೆಯ ಅಂಕಿಯನ್ನು ಎಚ್ಚರದಿಂದ ಓದಬೇಕು. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಪರೀಕ್ಷಿಸಿದ ಚೀಲದಲ್ಲಿ ‘ಕಂಫರ್ಟ್’, ‘ಲಿಮಿಟ್’, ‘ಎಕ್ಸ್‌ಟ್ರೀಮ್’ ಎಂಬ ಅಂಕಿಗಳಿರುತ್ತವೆ. ಮೂರನೆಯದು ಪ್ರಾಣ ಉಳಿಸಿಕೊಳ್ಳುವ ಮಟ್ಟದ್ದೇ ಹೊರತು ನಿದ್ರಿಸುವ ಮಟ್ಟದ್ದಲ್ಲ. ದೊಡ್ಡಕ್ಷರದಲ್ಲಿ ಅಚ್ಚಾದ ಅಂಕಿ ಅದೇ ಆಗಿರಬಹುದು. ಮಕ್ಕಳಿಗೆ ನೋಡಬೇಕಾದುದು ಕಂಫರ್ಟ್ ಅಂಕಿಯನ್ನು, ಅದಕ್ಕೂ ಸ್ವಲ್ಪ ಕೈಬಿಟ್ಟು. ಇನ್ನು ಚಾಪೆ. ಕಟ್ಟಿನಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಒಳಗಾಗುವುದು ಇದೇ. ಮೈಭಾರಕ್ಕೆ ಚೀಲದ ಕೆಳಬದಿಯ ಹತ್ತಿ ಅಥವಾ ನಾರು ಒತ್ತಿಹೋಗುವುದರಿಂದ ನೆಲದ ತಣ್ಪನ್ನು ತಡೆಯುವುದು ಚಾಪೆಯ ಕೆಲಸ. ಸಾದಾ ಫೋಮ್ ಚಾಪೆ ಅಗ್ಗ, ತೂತಾಗುವ ಭಯವಿಲ್ಲ, ವರ್ಷಗಟ್ಟಲೆ ಬಾಳುತ್ತದೆ.

ಕಟ್ಟಿನಲ್ಲಿ ಬೇಡದ ವಸ್ತುವಿದ್ದರೆ ಬದಲಿಸಿಕೊಡುವಂತೆ ಕೇಳಲು ಹಿಂಜರಿಯಬೇಕಾಗಿಲ್ಲ. ‘ಬಾಟಲಿ ಬೇಡ, ಅದರ ಬದಲು ಇನ್ನೊಂದು ಚಾಪೆ ಕೊಡಿ’ ಎಂಬ ಮಾತಿಗೆ ಅನೇಕ ಮಳಿಗೆಗಳು ಒಪ್ಪುತ್ತವೆ. ಒಪ್ಪದಿದ್ದರೂ ನಷ್ಟವಿಲ್ಲ.

ಬಿಲ್ಲು ಬೇಡ ಎನ್ನುವ ರಿಯಾಯಿತಿ ಬೇಡ

ಪ್ರದರ್ಶನದ ಮಳಿಗೆಗೆ ಒಂದು ದೌರ್ಬಲ್ಯವಿದೆ: ಅದು ಮುಂದಿನ ತಿಂಗಳು ಅಲ್ಲಿರುವುದಿಲ್ಲ. ಶಿಬಿರದ ಮೊದಲ ರಾತ್ರಿಯೇ ಡೇರೆಯ ಕೋಲು ಮುರಿದರೆ ಹೋಗಿ ಕೇಳಲು ಜಾಗವಿಲ್ಲ. ಆಗ ಕೈಯಲ್ಲಿ ಉಳಿಯುವುದು ಬಿಲ್ಲು ಒಂದೇ. ಅದರಲ್ಲಿ ಮಾರಾಟಗಾರರ ಹೆಸರು, ಖಾಯಂ ವಿಳಾಸ, ಫೋನ್ ಸಂಖ್ಯೆ, ಜಿಎಸ್‌ಟಿ ಸಂಖ್ಯೆ, ದಿನಾಂಕ ಇವೆಯೇ ಎಂದು ಅಲ್ಲಿಯೇ ನೋಡಬೇಕು.

ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಬೆಲೆಯನ್ನು ಬೇರೆಬೇರೆಯಾಗಿ ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು. ಕಟ್ಟಿನ ಒಂದು ವಸ್ತು ಮಾತ್ರ ಕೆಟ್ಟರೆ ಎಷ್ಟು ಹಣ ಹಿಂದಿರುಗಬೇಕು ಎಂಬ ವಾದ ಆಗ ಹುಟ್ಟುವುದಿಲ್ಲ. ತೆರಿಗೆಯ ಕಾರಣವೂ ಇದೆ. ಒಂದಕ್ಕೊಂದು ಸಂಬಂಧವಿಲ್ಲದೆಯೂ ಮಾರಬಹುದಾದ ಸರಕುಗಳನ್ನು ಸೇರಿಸಿ ಒಂದೇ ಬೆಲೆಗೆ ಮಾರಿದರೆ ಜಿಎಸ್‌ಟಿ ಕಾನೂನು ಅದನ್ನು ‘ಮಿಶ್ರ ಪೂರೈಕೆ’ ಎನ್ನುತ್ತದೆ. ಆಗ ಅವುಗಳಲ್ಲಿ ಅತಿ ಹೆಚ್ಚು ದರವಿರುವ ವಸ್ತುವಿನ ತೆರಿಗೆಯೇ ಇಡೀ ಕಟ್ಟಿಗೆ ಅನ್ವಯವಾಗುತ್ತದೆ.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಈ ವಿಷಯದಲ್ಲಿ ಕೊಳ್ಳುವವರ ಪರವಾಗಿದೆ. ಬಿಲ್ಲು ಕೊಡದಿರುವುದು ಆ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ಒಂದು ವಸ್ತು ಬೇಕಿದ್ದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ.

ಗಡಿಯ ಈಚೆಗಿರುವವರಿಗೆ ಅತ್ಯಂತ ಉಪಯುಕ್ತವಾದ ಅಂಶ ಇನ್ನೊಂದು. 1986ರ ಹಳೆಯ ಕಾಯಿದೆಯಂತೆ ಸಾಮಾನ್ಯವಾಗಿ ಮಾರಾಟಗಾರರ ಊರಿನಲ್ಲೋ ವ್ಯವಹಾರ ನಡೆದ ಊರಿನಲ್ಲೋ ದೂರು ಸಲ್ಲಿಸಬೇಕಿತ್ತು. ಹೊಸ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮೈಸೂರಿನಲ್ಲೋ ಹೈದರಾಬಾದಿನಲ್ಲೋ ಕೊಂಡ ಡೇರೆಗಾಗಿ ಮತ್ತೆ ಅಲ್ಲಿಗೆ ಅಲೆಯಬೇಕಾಗಿಲ್ಲ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಎಷ್ಟೋ ತಕರಾರುಗಳು ಅಲ್ಲಿಯೇ ಬಗೆಹರಿಯಬಹುದು.

ಶಾಲೆಯೇ ಕಟ್ಟುವ ಕಟ್ಟು

ಇಷ್ಟೆಲ್ಲ ಎಚ್ಚರದ ನಂತರವೂ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ವರ್ಷಕ್ಕೆ ಮೂರೋ ನಾಲ್ಕೋ ರಾತ್ರಿ ಬಳಸುವ ಸಾಮಾನನ್ನು ಪ್ರತಿ ಮನೆಯೂ ಏಕೆ ಕೊಳ್ಳಬೇಕು?

ಸ್ಕೌಟ್ ಚಳವಳಿಯ ಮೂಲವನ್ನೇ ನೋಡಿದರೆ ಇದಕ್ಕೆ ಉತ್ತರವಿದೆ. 1907ರ ಆಗಸ್ಟಿನಲ್ಲಿ ಬೇಡನ್ ಪವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರಕ್ಕೆ ಸಿರಿವಂತರ ಶಾಲೆಗಳ ಹುಡುಗರೂ ದುಡಿಯುವ ವರ್ಗದ ಹುಡುಗರೂ ಒಟ್ಟಿಗೆ ಬಂದಿದ್ದರು. ಸಿರಿವಂತರ ಮಕ್ಕಳಿಗೆ ಒಂದು ಪೌಂಡ್ ಶುಲ್ಕ, ಉಳಿದವರಿಗೆ ಮೂರೂವರೆ ಶಿಲಿಂಗ್. ಅಂದರೆ ಸುಮಾರು ಆರರಲ್ಲಿ ಒಂದು ಪಾಲು. ಮಲಗಿದ್ದು ಮಾತ್ರ ಎಲ್ಲರೂ ಒಂದೇ ಬಗೆಯ ಡೇರೆಗಳಲ್ಲಿ. ಯಾರ ಮನೆಯಲ್ಲಿ ಏನಿದೆ ಎಂಬುದು ಶಿಬಿರದೊಳಗೆ ಕಾಣಬಾರದೆಂಬ ತತ್ತ್ವ ಆ ಏರ್ಪಾಟಿನಲ್ಲೇ ಇತ್ತು.

ಹಿಂದಿನ ಉದಾಹರಣೆಯ ಬೆಲೆಗಳನ್ನೇ ಇಟ್ಟುಕೊಂಡು ಹನ್ನೆರಡು ಮಕ್ಕಳ ತರಗತಿಯ ಲೆಕ್ಕ ಹಾಕಬಹುದು. ಪ್ರತಿ ಮನೆಯೂ 4,999ರ ಕಾಂಬೋ ಕೊಂಡರೆ ಒಟ್ಟು 59,988 ರೂಪಾಯಿ. ಶಾಲೆಯೇ ಕೊಂಡರೆ ಮೂವರಿಗೊಂದರಂತೆ ನಾಲ್ಕು, ಶಿಕ್ಷಕರಿಗೆ ಒಂದು, ಹೀಗೆ ಐದು ದೊಡ್ಡ ಡೇರೆ. ಒಂದಕ್ಕೆ 3,600 ಎಂದರೆ 18,000. ಹನ್ನೆರಡು ಮಲಗುವ ಚೀಲಕ್ಕೆ 18,000, ಚಾಪೆಗಳಿಗೆ 6,000, ಟಾರ್ಚುಗಳಿಗೆ 4,800. ಒಟ್ಟು 46,800 ರೂಪಾಯಿ. ಈ ಸಾಮಾನು ಐದು ವರ್ಷ ಬಾಳಿ ಐದು ತಂಡಗಳ ಅರುವತ್ತು ಮಕ್ಕಳು ಬಳಸಿದರೆ ಒಂದು ಮಗುವಿಗೆ ತಗಲುವುದು 780 ರೂಪಾಯಿ. ಯಾವ ಪ್ರದರ್ಶನದ ಯಾವ ಫಲಕವೂ ಇಷ್ಟು ರಿಯಾಯಿತಿ ತೋರಿಸಲಾರದು. ಒಟ್ಟಿಗೆ ಕೊಳ್ಳುವ ಶಾಲೆಗೆ ಮಳಿಗೆಯವರು ಇನ್ನಷ್ಟು ಇಳಿಸಿಕೊಡುವ ಸಂಭವವೂ ಉಂಟು. ಏಕೆಂದರೆ ಅಲ್ಲಿ ಬೇಕಾದುದನ್ನು ಮಾತ್ರ ಆರಿಸಿ ಕಟ್ಟು ಕಟ್ಟುವವರು ಕೊಳ್ಳುವವರೇ.

ರಕ್ಷಕ-ಶಿಕ್ಷಕ ಸಂಘ, ಹಳೆ ವಿದ್ಯಾರ್ಥಿ ಸಂಘಗಳು ಒಂದು ವರ್ಷಕ್ಕೆ ಚಾಪೆ, ಇನ್ನೊಂದು ವರ್ಷಕ್ಕೆ ಡೇರೆ ಎಂದು ಹಂತಹಂತವಾಗಿ ಇದನ್ನು ಮಾಡಬಹುದು. ಹತ್ತಿರದ ಎರಡು ಶಾಲೆಗಳು ಶಿಬಿರದ ದಿನಾಂಕಗಳನ್ನು ಬೇರೆಬೇರೆ ಇಟ್ಟುಕೊಂಡರೆ ಒಂದೇ ಸಾಮಾನು ಎರಡು ಶಾಲೆಗೆ ಸಾಕು.

ಆದರೆ ಸಮುದಾಯದ ವಸ್ತು ಯಾರದೂ ಅಲ್ಲದ ವಸ್ತುವಾಗುವ ಅಪಾಯ ಇಲ್ಲದಿಲ್ಲ. ಡೇರೆಗಳು ಕೆಡುವುದು ಬಳಕೆಯಿಂದಲ್ಲ, ಒದ್ದೆಯಾಗಿ ಮಡಚಿಟ್ಟು ಮರೆತುಬಿಡುವುದರಿಂದ. ತೇವದಲ್ಲಿ ಬಟ್ಟೆಯ ಒಳಲೇಪ ಅಂಟಂಟಾಗಿ ಸುಲಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಶಿಬಿರದಿಂದ ಮರಳಿದ ಮರುದಿನವೇ ಎಲ್ಲವನ್ನೂ ನೆರಳಿನಲ್ಲಿ ಹರಡಿ ಒಣಗಿಸಬೇಕು. ಮಲಗುವ ಚೀಲಗಳನ್ನು ಒತ್ತಿ ತುಂಬದೆ ಸಡಿಲವಾಗಿ ಇಡಬೇಕು. ಟಾರ್ಚಿನ ಬ್ಯಾಟರಿ ತೆಗೆದಿಡಬೇಕು. ಪ್ರತಿಯೊಬ್ಬರೂ ಮನೆಯಿಂದ ಹಳೆಯ ಸೀರೆಯ ಅಥವಾ ಪಂಚೆಯ ಒಂದು ಒಳಚೀಲ ಹೊಲಿಸಿ ತಂದರೆ ಮಲಗುವ ಚೀಲ ಕೊಳೆಯಾಗದು, ಒಂದೇ ಚೀಲವನ್ನು ಹಲವರು ಬಳಸುವ ಮುಜುಗರವೂ ಇರದು.

ಇವೆಲ್ಲಕ್ಕೆ ಒಂದು ದಾಖಲೆ ಪುಸ್ತಕವಿರಲಿ. ಯಾವ ಡೇರೆ ಯಾರ ಕೈಗೆ ಹೋಯಿತು, ಎಷ್ಟು ಗೂಟಗಳೊಂದಿಗೆ ಹೋಯಿತು, ಎಷ್ಟರೊಂದಿಗೆ ಮರಳಿತು ಎಂಬುದನ್ನು ಮಕ್ಕಳೇ ಕನ್ನಡದಲ್ಲಿ ಬರೆದಿಡಲಿ. ಡೇರೆ ಹೂಡುವುದು, ಗಂಟು ಹಾಕುವುದು, ಸಾಮಾನಿನ ಜವಾಬ್ದಾರಿ ಹೊರುವುದು ಇವೆಲ್ಲ ಸ್ಕೌಟ್ಸ್-ಗೈಡ್ಸ್ ಕಲಿಕೆಯ ಭಾಗಗಳೇ. ಗೂಟ ಎಣಿಸಿ ಬರೆದಿಟ್ಟ ಈ ವರ್ಷದ ಮಕ್ಕಳು ಮುಂದಿನ ವರ್ಷ ಅದೇ ಪುಸ್ತಕವನ್ನು ಕಿರಿಯರ ಕೈಗೆ ಕೊಡುತ್ತಾರೆ. ಆಗ ಸುತ್ತೋಲೆಯ ಕೊನೆಯಲ್ಲಿರುವ ಪಟ್ಟಿ ತೀರ ಚಿಕ್ಕದಾಗಿರುತ್ತದೆ: ಒಂದು ಒಳಚೀಲ, ಒಂದು ತಟ್ಟೆ, ಒಂದು ಲೋಟ.